ಬಿರಹಿ ಗಂಗೆಯ ಕಟ್ಟೆ

ಬಯಲುಸೀಮೆಯ ನದಿಗೆ ನೆರೆ ಬರುವ ರೀತಿ ಬೇರೆ, ಪರ್ವತಪ್ರದೇಶದ ನದಿಗೆ ಬರುವ ರೀತಿ ಬೇರೆ. ಕೃಷ್ಣೆಯಾಗಲಿ ತುಂಗಭದ್ರೆಯಾಗಲಿ ಉಕ್ಕುವಾಗ, ಮೇಲಣ ಊರುಗಳಿಂದ ಸುದ್ದಿ ಮುಂದಾಗಿ ಬಂದು, ನೀರು ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಏರಿ, ತೀರದ ಹೊಲಗದ್ದೆಗಳ ಮೇಲೆ ಹರಡಿಕೊಳ್ಳುವುದಕ್ಕೆ ಒಂದೆರಡು ದಿನಗಳಾದರೂ ಹಿಡಿಯುವುದರಿಂದ, ದನಕರುಗಳನ್ನು ಬಿಚ್ಚಿ, ಮಕ್ಕಳನ್ನೆತ್ತಿಕೊಂಡು, ಕಾಳಿನ ಚೀಲಗಳನ್ನು ಅಟ್ಟಕ್ಕೇರಿಸಿ ದಿಣ್ಣೆಯ ಕಡೆಗೆ ಸರಿಯಲು ಜನರಿಗೆ ಕಾಲಾವಕಾಶ ದೊರೆಯುತ್ತದೆ. ಹಿಮಾಲಯದ ಕಣಿವೆಗಳಲ್ಲಿ ಈ ಉಪಚಾರವಿಲ್ಲ. ಬಂಗಾಳ ಕೊಲ್ಲಿಯಿಂದ ಹೊರಟು ಗಂಗೆಯ ಬಯಲನ್ನು ಹಾದು ಬಂದ ಮಳೆಗಾಲದ ಗಾಳಿಯು ಪರ್ವತದ ಓರೆಗೆ ತಾಕಿ ಮೇಲೇರಿ, ಏರಿದಂತೆಲ್ಲ ತಣಿದು, ಹೊತ್ತು ತಂದ ನೀರನ್ನೆಲ್ಲ ಕೆಲವೇ ಚದರ ಮೈಲಿಗಳ ಮೇಲೆ ಒಮ್ಮೆಲೇ ಸುರಿದುಬಿಡುವುದುಂಟು. ಒಂದು ಗಂಟೆಯಲ್ಲಿ 100 ಮಿಲಿಮೀಟರ್, ಎಂದರೆ ಸುಮಾರು ನಾಲ್ಕು ಅಂಗುಲ, ಮಳೆಯಾದರೆ ಹವಾಮಾನ ಇಲಾಖೆಯವರು ಅದನ್ನು ಮೇಘಸ್ಫೋಟವೆಂದು ಗಣಿಸುತ್ತಾರೆ. ಸಮತಟ್ಟಾದ ನೆಲದಲ್ಲಿ ಅಷ್ಟು ಮಳೆ ಬಿದ್ದರೆ ಕೆರೆ ಕೋಡಿ ಬಿದ್ದೀತು. ಕಡಿದಾದ ಕೊರಕಲಿನಲ್ಲಿ ಬಿದ್ದರೆ ಅದು ಬಂಡೆ, ಮಣ್ಣು, ಬೇರುಸಹಿತವಾದ ಮರಗಳನ್ನು ಉರುಳಿಸಿಕೊಂಡು ಅರ್ಧ ಗಂಟೆಯೊಳಗೆ ಕೆಳಗಿನ ಊರಿನ ಬಾಗಿಲಿಗೆ ಬರುತ್ತದೆ.

ಇದಕ್ಕಿಂತ ಘೋರವಾದ ಇನ್ನೊಂದು ವಿಧವುಂಟು. ಮಳೆಯಲ್ಲಿ ನೆನೆದ ಬೆಟ್ಟದ ಪಕ್ಕವೊಂದು ಜರಿದು ನದಿಗೆ ಅಡ್ಡಲಾಗಿ ಬಿದ್ದರೆ, ಹೊಳೆ ಅಲ್ಲಿಯೇ ನಿಂತು, ಮನುಷ್ಯರಾರೂ ಕಟ್ಟದ ಒಂದು ಕಟ್ಟೆಯ ಹಿಂದೆ ಸರೋವರವಾಗಿ ಬೆಳೆಯುತ್ತದೆ. ಆ ವೇಳೆಯಲ್ಲಿ ಕೆಳಗಣ ಪಾತ್ರವು ಮಳೆಗಾಲದ ನಡುವೆಯೇ ಬತ್ತಿ ಬರಿದಾಗುವುದನ್ನು ಕಂಡ ಬೆಟ್ಟದ ಜನ, ಅದನ್ನು ಶುಭವೆಂದು ಬಗೆಯದೆ, ಕೂಡಲೇ ಎತ್ತರಕ್ಕೆ ಓಡುವರು. ನಿಂತ ನೀರು ಬಹುಮಟ್ಟಿಗೆ ಎಂದಾದರೊಂದು ದಿನ ಕಟ್ಟೆಯನ್ನು ಒಡೆಯುತ್ತದೆ. ಅದು ಒಂದು ತಾಸಿನಲ್ಲಿ ಒಡೆಯುವುದೋ ಒಂದು ವರ್ಷದ ಮೇಲೆ ಒಡೆಯುವುದೋ ಎಂಬುದರ ಮೇಲೆ ಕೆಳಗಿನವರ ಅಳಿವು ಉಳಿವು ನಿಂತಿದೆ. ಗಢವಾಲದ ಬಿರಹಿ ಗಂಗೆಯ ಕಣಿವೆಯಲ್ಲಿ 1893ರಲ್ಲಿ ಬಿದ್ದ ಕಟ್ಟೆಯು ಒಂದು ವರ್ಷದ ವಾಯಿದೆಯನ್ನು ಕೊಟ್ಟಿತು. ಆ ವಾಯಿದೆಯನ್ನು ಒಂದು ಸರ್ಕಾರವು ಹೇಗೆ ಬಳಸಿಕೊಂಡಿತು, ಆ ಮೇಲೆ ಆ ಪಾಠಕ್ಕೆ ಏನು ಗತಿಯಾಯಿತು ಎಂಬುದೇ ಇಲ್ಲಿ ಹೇಳಹೊರಟಿರುವ ವೃತ್ತಾಂತ.

ಬಿರಹಿ ಗಂಗೆಯು ಅಲಕನಂದೆಯ ಸಣ್ಣ ಉಪನದಿ. ಬದರೀನಾಥದ ದಾರಿಯಲ್ಲಿ ಚಮೋಲಿಯನ್ನು ದಾಟಿ ಪೀಪಲ್‌ಕೋಟಿಗೆ ಹೋಗುವಾಗ, ಪೂರ್ವದ ಕಡೆಯಿಂದ ಇಳಿದು ಬಂದು ಅದು ಅಲಕನಂದೆಯನ್ನು ಸೇರುತ್ತದೆ. ಕನ್ನಡಿಗರಿಗೆ ಈ ಸೀಮೆ ಕೇವಲ ಭೂಪಟದ ಹೆಸರಲ್ಲ. ಕೇದಾರನಾಥದ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮರಾಗಿರಬೇಕೆಂಬ ಸಂಪ್ರದಾಯವು ಬಹುಕಾಲದಿಂದ ನಡೆದು ಬಂದಿದೆ. ಕಾಶಿಯಾತ್ರೆಗೆ ಹೊರಟ ನಮ್ಮ ಹಿರಿಯರಲ್ಲಿ ದೇಹಶಕ್ತಿಯೂ ದ್ರವ್ಯಾನುಕೂಲವೂ ಉಳ್ಳವರು ಮನೆಯವರಿಂದ ಕೊನೆಯ ಬೀಳ್ಕೊಡುಗೆಯನ್ನೇ ಪಡೆದವರಂತೆ ಈ ಕಣಿವೆಗಳನ್ನು ಕಾಲುನಡೆಯಿಂದಲೇ ಹತ್ತುತ್ತಿದ್ದರು. ಅವರು ರಾತ್ರಿ ತಂಗುತ್ತಿದ್ದ ಹುಲ್ಲುಮಾಡಿನ ಚಟ್ಟಿಗಳು ನದಿಯ ಪಕ್ಕದಲ್ಲಿದ್ದರೂ, ಆ ನಾಡಿನ ಮೂಲನಿವಾಸಿಗಳ ಊರುಗಳು ಮಾತ್ರ ಬೆಟ್ಟದ ಮಧ್ಯಭಾಗದಲ್ಲಿ, ನೀರಿನಿಂದ ನೂರಾರು ಅಡಿ ಎತ್ತರದಲ್ಲಿ ಇದ್ದುವು. ಹೊಳೆಯ ಅಂಚಿನಲ್ಲಿ ಅವರು ಇಟ್ಟುಕೊಂಡದ್ದು ನೀರಿನಿಂದ ತಿರುಗುವ ಬೀಸುಕಲ್ಲುಗಳನ್ನೂ ಸ್ಮಶಾನವನ್ನೂ ಒಂದಿಷ್ಟು ಗದ್ದೆಗಳನ್ನೂ. ಹೋದರೆ ಹೋಗಲಿ ಎನ್ನಬಹುದಾದ ವಸ್ತುಗಳನ್ನು. ನೀರು ಹೊತ್ತು ಹೊತ್ತು ಬೆನ್ನು ಬಾಗಿದ ಹೆಂಗಸರು ಈ ಎತ್ತರದ ವಾಸಕ್ಕೆ ದಿನದಿನವೂ ಬೆಲೆ ತೆರುತ್ತಿದ್ದರೆಂಬುದನ್ನು ಮರೆಯಕೂಡದು. ಆದರೂ ಆ ಬೆಲೆಯನ್ನು ತಿಳಿದೇ ತೆತ್ತರು.

1893ರ ಸೆಪ್ಟೆಂಬರ್ ಮೊದಲಲ್ಲಿ, ಮಳೆಗಾಲವು ಮುಗಿಯುತ್ತ ಬಂದಿದ್ದಾಗ, ಗೊಹ್ನಾ ಎಂಬ ಹಳ್ಳಿಯ ಬಳಿ ಮೈಠಾಣಾ ಬೆಟ್ಟದ ಒಂದು ಭುಜವು ಕುಸಿಯತೊಡಗಿತು. ಒಂದೇ ಏಟಿಗೆ ಬಿದ್ದುದಲ್ಲ. ಕೆಲವು ದಿನಗಳ ಕಾಲ ಬಂಡೆಗಳು ಉರುಳುತ್ತಲೇ ಇದ್ದುವು. ಅಲ್ಲಿಯ ಶಿಲಾಪದರಗಳು ಕಣಿವೆಯ ಕಡೆಗೇ ವಾಲಿಕೊಂಡಿದ್ದುದು, ಪದರಗಳ ನಡುವಿನ ಮೆತ್ತನೆಯ ಜೇಡಿಕಲ್ಲು ಮಳೆನೀರನ್ನು ಕುಡಿದು ಜಾರುಹಾಸಾದುದು, ಬುಡವನ್ನು ಹೊಳೆಯು ವರ್ಷಾನುವರ್ಷ ಕೊರೆಯುತ್ತ ಬಂದದ್ದು, ಈ ಮೂರೂ ಕೂಡಿಬಂದುವು. ಎಲ್ಲವೂ ಶಾಂತವಾದಾಗ ಬಿರಹಿಗೆ ಅಡ್ಡಲಾಗಿ ನಿಂತಿದ್ದ ಕಟ್ಟೆಯ ಎತ್ತರ ಸುಮಾರು 900 ಅಡಿ. ಬುಡದ ದಪ್ಪ ಎರಡು ಮೈಲಿ. ನೆತ್ತಿಯಲ್ಲಿ ಸಹ 2000 ಅಡಿಯಷ್ಟು ಅಗಲ. ನಮ್ಮ ಕೃಷ್ಣರಾಜಸಾಗರದ ಕಟ್ಟೆಯ ಎತ್ತರ 130 ಅಡಿ ಎಂಬುದನ್ನು ಜ್ಞಾಪಿಸಿಕೊಂಡರೆ ಪ್ರಕೃತಿಯ ಈ ಕಟ್ಟೋಣದ ಪ್ರಮಾಣವು ಊಹೆಗೆ ನಿಲುಕೀತು.

ವರ್ತಮಾನವನ್ನು ಸರ್ಕಾರಕ್ಕೆ ಮುಟ್ಟಿಸಿದವನು ಆ ಹೋಬಳಿಯ ಪಟವಾರಿ. ನಮ್ಮ ಶಾನುಭೋಗರು ಮಾಡುತ್ತಿದ್ದ ಕಂದಾಯದ ಲೆಕ್ಕದ ಜೊತೆಗೆ, ಆ ಬೆಟ್ಟಸೀಮೆಯಲ್ಲಿ ಪಟವಾರಿಗೆ ಪೊಲೀಸಿನ ಅಧಿಕಾರವೂ ಇತ್ತು. ಊರಿನಲ್ಲಿ ಕಳವಾದರೂ ಬೆಟ್ಟ ಬಿದ್ದರೂ ಬರೆದು ಕಳುಹಿಸಬೇಕಾದವನು ಅವನೇ. ಅವನ ಬರಹದ ಹಿಂದೆಯೇ ಒಬ್ಬೊಬ್ಬರಾಗಿ ಅಧಿಕಾರಿಗಳು ಆ ದುರ್ಗಮ ಕಣಿವೆಯನ್ನು ಹತ್ತಿದರು. ಅವರಲ್ಲಿ ಸೂಪರಿಂಟೆಂಡಿಂಗ್ ಇಂಜಿನಿಯರನಾದ ಲೆಫ್ಟಿನೆಂಟ್ ಕರ್ನಲ್ ಪುಲ್‌ಫರ್ಡ್ ಎಂಬಾತನು ಸ್ಥಳವನ್ನು ಪರೀಕ್ಷಿಸಿ, ಕಟ್ಟೆಯ ಗಾತ್ರವು ಇಷ್ಟಿರುವಾಗ ನೀರಿನ ಒತ್ತಡದಿಂದಲೇ ಅದು ಒಡೆಯಲಾರದು, ನೀರು ಏರಿ ನೆತ್ತಿಯನ್ನು ದಾಟಿ ಹರಿಯತೊಡಗಿದ ಮೇಲೆಯೇ ಅಪಾಯ, ಆ ಕಾಲ ಬರುವುದು ಮರುವರ್ಷದ ಆಗಸ್ಟಿನಲ್ಲಿ ಎಂದು ನಿರ್ಣಯಿಸಿದನು. ಭೂವಿಜ್ಞಾನ ಇಲಾಖೆಯಿಂದ ಬಂದ ಥಾಮಸ್ ಹಾಲೆಂಡನ ಗಣಿತವೂ ಆಗಸ್ಟ್ ನಡುವಿನ ದಿನಗಳನ್ನೇ ತೋರಿತು. (ದಕ್ಷಿಣ ಭಾರತದ ಒಂದು ಬಗೆಯ ಪ್ರಾಚೀನ ಶಿಲೆಗೆ, ಕಲ್ಕತ್ತೆಯ ಜಾಬ್ ಚಾರ್ನಾಕನ ಸಮಾಧಿಯ ಕಲ್ಲನ್ನು ನೋಡಿ, ಚಾರ್ನೊಕೈಟ್ ಎಂದು ಹೆಸರಿಟ್ಟವನು ಇದೇ ಹಾಲೆಂಡ್, ನೀಲಗಿರಿಯಲ್ಲಿಯೂ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ನಾವು ತುಳಿದು ನಡೆಯುವುದು ಆ ಶಿಲೆಯನ್ನೇ.) ನದಿಯೊಂದು ಎಷ್ಟು ನೀರು ತರುತ್ತದೆ, ಕಣಿವೆಯ ಅಗಲವೆಷ್ಟು, ಕಟ್ಟೆಯ ತಗ್ಗಾದ ಅಂಚು ಎಲ್ಲಿದೆ ಎಂಬ ಮೂರು ಅಳತೆಗಳಿಂದ ಹತ್ತು ಹನ್ನೊಂದು ತಿಂಗಳ ಮುಂದಿನ ವಿಪತ್ತಿನ ಕಾಲವನ್ನು ಗೊತ್ತುಮಾಡಿದ ಈ ಲೆಕ್ಕವು, ಪಂಚಾಂಗದ ಗ್ರಹಣದ ಲೆಕ್ಕದಷ್ಟೇ ನನಗೆ ಆಶ್ಚರ್ಯವನ್ನು ಉಂಟುಮಾಡುತ್ತದೆ.

ಒಡೆಯುವುದನ್ನು ತಡೆಯುವ ಯತ್ನವನ್ನು ಅವರು ಮಾಡಲಿಲ್ಲ. ಒಡೆದಾಗ ಯಾರೂ ಕೆಳಗಿರಕೂಡದೆಂದು ಗೊತ್ತುಮಾಡಿದರು. ಇದರಲ್ಲಿ ಅವರ ವಿವೇಕ ಕಾಣುತ್ತದೆ. ಕ್ರೂಕ್‌ಶ್ಯಾಂಕ್ ಎಂಬ ತರುಣ ಲೆಫ್ಟಿನೆಂಟನು ಸರೋವರದ ಬಳಿಯಲ್ಲಿಯೇ ಬೀಡುಬಿಟ್ಟು, ನೀರಿನ ಮಟ್ಟವನ್ನು ಅಳೆದು ತಿಳಿಸುವ ಹೊಣೆಯನ್ನು ಹೊತ್ತನು. ಗೊಹ್ನಾದಿಂದ ಹರಿದ್ವಾರದ ತನಕ, ಗಾಡಿಯ ಚಕ್ರವೇ ಉರುಳದಿದ್ದ ಆ ಬೆಟ್ಟಗಳ ಮೇಲೆ, ತಂತಿಯನ್ನು ಎಳೆದು, ನಡುನಡುವಿನ ಊರುಗಳಲ್ಲಿ ತಂತಿಯ ಠಾಣೆಗಳನ್ನು ಸ್ಥಾಪಿಸಿದರು. ಪ್ರವಾಹವು ಎಲ್ಲಿಯ ತನಕ ಏರಬಹುದೆಂದು ಊಹಿಸಿ, ಕಣಿವೆಯ ಉದ್ದಕ್ಕೂ ಬೆಟ್ಟದ ಓರೆಯಲ್ಲಿ ಕಂಬಗಳನ್ನು ನಿಲ್ಲಿಸಿ, ತಂತಿ ಬಂದೊಡನೆ ಜನರೆಲ್ಲರೂ ಈ ಕಂಬದಿಂದ ಮೇಲಿರತಕ್ಕದ್ದೆಂದು ಆಜ್ಞೆ ಮಾಡಿದರು. ಅಕ್ಷರ ಬಾರದವನಿಗೂ ಅರ್ಥವಾಗುವ ಆಜ್ಞೆ ಅದು. ತೂಗುಸೇತುವೆಗಳನ್ನು ಕಳಚಿ, ಅವುಗಳ ಸರಪಣಿ ಹಲಗೆಗಳನ್ನು ಮೇಲೆ ಸಾಗಿಸಿಟ್ಟರು. ಯಾತ್ರಿಕರಿಗೆ ಬೇರೆ ಮಾರ್ಗವನ್ನು ಮಾಡಿಕೊಟ್ಟರು. ಮಳೆಗಾಲ ಬರುವ ಹೊತ್ತಿಗೆ, ಬರಲಿರುವ ನೀರಿಗಾಗಿ ಕಣಿವೆಯೇ ತೆರವಾಗಿತ್ತೆನ್ನಬಹುದು.

1894ರ ಆಗಸ್ಟ್ 25ನೆಯ ದಿನ ಬೆಳಗ್ಗೆ ಸರೋವರದ ನೀರು ಕಟ್ಟೆಯ ಅಂಚನ್ನು ಮೀರಿ ಸಣ್ಣಗೆ ಹರಿಯತೊಡಗಿತು. ಹಗಲೆಲ್ಲ ಆ ಹರಿವು ತನ್ನ ಕಾಲುವೆಯನ್ನು ತಾನೇ ತೋಡಿಕೊಳ್ಳುತ್ತ, ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತ ಹೋಗಿ, ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಕಟ್ಟೆಯ ಮೇಲ್ಭಾಗವು ಬಾಯ್ದೆರೆಯಿತು. ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ಹೊರಬಿದ್ದ ನೀರು 1000 ಕೋಟಿ ಘನ ಅಡಿ. ಈಚೆಗೆ ಕಾವೇರಿಯ ವ್ಯಾಜ್ಯದಿಂದಾಗಿ ಟಿಎಂಸಿ ಎಂಬ ಮಾನವು ಕನ್ನಡನಾಡಿನ ಮಕ್ಕಳಿಗೂ ಪರಿಚಿತವಾಗಿರುವುದರಿಂದ ಹೀಗೆ ಹೇಳಬಹುದು: ಅದು ಹತ್ತು ಟಿಎಂಸಿ, ತುಂಬಿದ ಕೃಷ್ಣರಾಜಸಾಗರದ ಐದರಲ್ಲೊಂದು ಪಾಲು, ಒಂದು ಕತ್ತಲೆಯ ಅರ್ಧದಲ್ಲಿ. ಬೆಳಗಾಗುವ ಹೊತ್ತಿಗೆ ಸರೋವರದ ಮಟ್ಟವು 390 ಅಡಿ ಇಳಿದಿತ್ತು. ಚಮೋಲಿ, ನಂದಪ್ರಯಾಗ, ಕರ್ಣಪ್ರಯಾಗ, ರುದ್ರಪ್ರಯಾಗಗಳ ತೀರದಲ್ಲಿದ್ದುದನ್ನೆಲ್ಲ ಬಳಿದುಕೊಂಡು ಹೋದ ಪ್ರವಾಹವು, ಬೆಳಗಿನ ಜಾವಕ್ಕೆ ಶ್ರೀನಗರವನ್ನು ಮುಟ್ಟಿ, ಮಾರನೆಯ ದಿನದ ಹೊತ್ತೇರುವುದರೊಳಗೆ ಹರಿದ್ವಾರದ ಘಟ್ಟಗಳನ್ನು ಸೇರಿತು.

ಈ ಶ್ರೀನಗರವು ಕಾಶ್ಮೀರದ್ದಲ್ಲ, ಗಢವಾಲದ ಪನ್ವಾರ ಅರಸರ ಪುರಾತನ ರಾಜಧಾನಿ. ಅದರ ಅದೃಷ್ಟವು ಮೊದಲಿನಿಂದಲೂ ಚಂಚಲವಾದುದು. 1803ರ ಭೂಕಂಪದಲ್ಲಿ ಅದು ಅರ್ಧ ನೆಲಸಮವಾಯಿತು. ಅದರ ಬೆನ್ನಲ್ಲೇ ಗೂರ್ಖರು ಬಂದರು. 1815ರಲ್ಲಿ ಗೂರ್ಖರನ್ನು ಓಡಿಸಿದ ಇಂಗ್ಲಿಷರು ಅಲಕನಂದೆಯ ಪೂರ್ವದ ಭಾಗವನ್ನು ತಾವಿಟ್ಟುಕೊಂಡುದರಿಂದ, ಅರಸನಾದ ಸುದರ್ಶನ ಶಾಹನು ಟಿಹರಿಗೆ ಹೋಗಿ ಹೊಸ ರಾಜಧಾನಿಯನ್ನು ಕಟ್ಟಿಕೊಂಡನು. ಇಂಗ್ಲಿಷರ ಕಚೇರಿಗಳು ಸಹ ಕೆಲಕಾಲದಲ್ಲಿ ಪೌಡಿಯ ತಂಪಿಗೆ ಹತ್ತಿಹೋದುವು. ಮೋಲಾರಾಮನಂಥ ಚಿತ್ರಕಾರನು ಕುಂಚ ಹಿಡಿದು ಬದುಕಿದ ಆ ಊರಿನಲ್ಲಿ ಉಳಿದುದೆಂದರೆ ಅಂಗಡಿಬೀದಿ, ಗುಡಿಗಳು, ಮತ್ತು ಹಾಳುಬಿದ್ದ ಅರಮನೆ. 1894ರ ಆ ಬೆಳಗಿನ ಜಾವ, ನಲವತ್ತು ಅಡಿಗೂ ಮಿಕ್ಕಿ ಏರಿದ ನೀರು ಅದನ್ನೂ ತೆಗೆದುಕೊಂಡುಹೋಯಿತು. ಗಢವಾಲದ ಅರಸೊತ್ತಿಗೆಯ ಶಿಲ್ಪವೈಭವಕ್ಕೆ ಸಾಕ್ಷಿಯಾಗಿದ್ದ ಕಟ್ಟಡಗಳ ಜಾಗದಲ್ಲಿ ಮರಳಿನ ಹಾಸು ಉಳಿಯಿತು.

ಆದರೆ ಶ್ರೀನಗರದ ಜನರು ಉಳಿದರು. ಇಷ್ಟು ದೊಡ್ಡ ಪ್ರಳಯದಲ್ಲಿ ಮಡಿದವರೆಂದು ದಾಖಲೆಯಾಗಿರುವವರು ಐವರು. ಕಟ್ಟೆಯ ಸಮೀಪದಲ್ಲಿದ್ದ ಒಬ್ಬ ಫಕೀರನೂ ಅವನ ಕುಟುಂಬದವರೂ, ಬಲವಂತವಾಗಿ ಮೇಲಕ್ಕೆ ಸಾಗಿಸಲ್ಪಟ್ಟವರು, ಕಾವಲಿನ ಕಣ್ಣು ತಪ್ಪಿಸಿ ಮರಳಿ ಬಂದು ಪ್ರಾಣ ಕಳೆದುಕೊಂಡರು. ಅದೇ ಬಿರಹಿಯ ಕಣಿವೆಯಲ್ಲಿ, ಇದಕ್ಕೆ ಕಾಲು ಶತಮಾನದಷ್ಟು ಹಿಂದೆ, ಗುಡಿಯಾರ್ ತಾಲ್ ಎಂಬ ಇದಕ್ಕಿಂತ ಬಹಳ ಸಣ್ಣ ಸರೋವರವು ಯಾರಿಗೂ ತಿಳಿಸದೆ ಒಡೆದಾಗ ಹಲವು ಜನ ನಿದ್ದೆಯಲ್ಲಿಯೇ ಕೊಚ್ಚಿಹೋಗಿದ್ದರು. ಆದ್ದರಿಂದ ಎಷ್ಟು ಜನ ಸಾಯುವರೆಂಬುದು ನೀರಿನ ರಾಶಿಯನ್ನೇ ಅವಲಂಬಿಸಿದುದಲ್ಲ.

ಇಂಗ್ಲಿಷರ ಈ ದಕ್ಷತೆಯನ್ನು ಹೊಗಳುವಾಗ ಕೊಂಚ ಎಚ್ಚರಿಕೆಯಿಂದ ಹೊಗಳುವುದು ಮೇಲು. ಹರಿದ್ವಾರದಲ್ಲಿ ಅವರ ಗಂಗಾ ಕಾಲುವೆಯ ಮುಖವಿತ್ತು. 1854ರಲ್ಲಿ ತೆರೆದ ಆ ಕಾಲುವೆಯು ಗಂಗೆ ಯಮುನೆಗಳ ನಡುವಣ ದೋಆಬದ ಗೋಧಿಗೂ ಕಬ್ಬಿಗೂ, ತನ್ಮೂಲಕ ಬೊಕ್ಕಸಕ್ಕೂ ಜೀವಾಳ. ತಂತಿಯನ್ನು ಗೊಹ್ನಾದಿಂದ ಹರಿದ್ವಾರಕ್ಕೇ ಎಳೆದುದರಲ್ಲಿ ಯಾತ್ರಿಕರ ಮೇಲಣ ಕರುಣೆ ಎಷ್ಟು ಪಾಲು, ಕಾಲುವೆಯ ಮೇಲಣ ಮಮತೆ ಎಷ್ಟು ಪಾಲು ಎಂದು ಬಿಡಿಸಿ ಹೇಳುವುದು ಕಷ್ಟ. ರೈಲುದಾರಿಯ ದಿಮ್ಮಿಗಳಿಗಾಗಿ ಹಿಮಾಲಯದ ದೇವದಾರುಗಳನ್ನು ನದಿಗಳಲ್ಲಿ ತೇಲಿಬಿಡುವ ಕ್ರಮವನ್ನು ಬೆಳೆಸಿದವರೂ ಅವರೇ. ಆದರೂ ಒಂದು ಮಾತನ್ನು ಒಪ್ಪಬೇಕು: ಪಟವಾರಿಯ ಬರಹವನ್ನು ಓದಿದರು, ಇಂಜಿನಿಯರನ ಲೆಕ್ಕವನ್ನು ನಂಬಿದರು, ನಂಬಿದ ಮೇಲೆ ಹಣ ಖರ್ಚುಮಾಡಿದರು. ಪ್ರವಾಹವಿಳಿದ ಮೇಲೆ ಶ್ರೀನಗರವನ್ನು ಹಳೆಯ ಜಾಗದಲ್ಲಿ ಮತ್ತೆ ಕಟ್ಟಗೊಡದೆ, ಪೌ ಎಂಬ ಅಧಿಕಾರಿಯ ನಕಾಶೆಯಂತೆ ಮೇಲಣ ದಿಣ್ಣೆಯಲ್ಲಿ ನೆಲೆಗೊಳಿಸಿದರು.

ಕಟ್ಟೆಯು ಪೂರ್ತಿಯಾಗಿ ಹೋಗಿರಲಿಲ್ಲ. ಅದರ ಕೆಳಭಾಗದ ಹಿಂದೆ ನೂರಾರು ಅಡಿ ಆಳದ ಸರೋವರವೊಂದು ಉಳಿಯಿತು. ಮುಂದಿನ 76 ವರ್ಷ ಅದು ಗೊಹ್ನಾ ತಾಲ್ ಎಂಬ ಹೆಸರಿನಲ್ಲಿ, ಮೀನು ಹಿಡಿಯುವವರಿಗೂ ನೋಡಬಂದವರಿಗೂ ರಮಣೀಯವಾಗಿ, ನಿರಪಾಯವಾಗಿ ಇತ್ತು. ನಿರಪಾಯವೆಂದರೆ ಸಾಲದು, ಉಪಕಾರಿಯಾಗಿಯೇ ಇತ್ತು. ಮೇಲಣ ಕೊರಕಲುಗಳು ತಂದ ಕಲ್ಲುಮಣ್ಣನ್ನು ತನ್ನ ಹೊಟ್ಟೆಗೆ ಹಾಕಿಕೊಂಡು, ತಿಳಿನೀರನ್ನು ಕೆಳಕ್ಕೆ ಬಿಡುತ್ತಿತ್ತು.

ಈ ನಡುವೆ ಕಣಿವೆಯ ಬದುಕು ಬೇರೆಯಾಯಿತು. 1962ರ ಚೀನಾ ಯುದ್ಧದ ತರುವಾಯ ಗಡಿಗೆ ಸೈನ್ಯವನ್ನು ಸಾಗಿಸುವ ಅಗತ್ಯದಿಂದ ಮೋಟಾರು ರಸ್ತೆಗಳು ಒಳಗೊಳಗೆ ಹೋದುವು. ರಸ್ತೆಯು ಬೆಟ್ಟದ ಮಧ್ಯದಲ್ಲಿ ಹೋಗುವುದಿಲ್ಲ. ಖರ್ಚು ಕಡಮೆಯಾಗುವ ಹೊಳೆಯ ಅಂಚನ್ನೇ ಹುಡುಕಿ ಹೋಗುತ್ತದೆ. ರಸ್ತೆ ಹೋದಲ್ಲಿಗೆ ಚಹಾದಂಗಡಿ, ಚಹಾದಂಗಡಿಯ ಪಕ್ಕಕ್ಕೆ ಬಸ್ಸು ನಿಲ್ಲುವ ಬಯಲು, ಅದರ ಹಿಂದೆ ಗೋದಾಮು, ವಸತಿಗೃಹ, ಕೊನೆಗೆ ಒಂದು ಊರೇ. ತಲೆಮಾರುಗಟ್ಟಲೆ ಎತ್ತರದಲ್ಲಿದ್ದು ನದಿಯನ್ನು ದೂರದಿಂದ ಗೌರವಿಸಿದ್ದ ಜನ, ದುಡಿಮೆಯನ್ನು ಅರಸಿ ಅದರ ದಡಕ್ಕೆ ಇಳಿದರು. ಅವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ; ಕೊಡವನ್ನು ಹೊತ್ತು ಮೈಲಿ ಹತ್ತುವ ಕಷ್ಟವನ್ನು ಅನುಭವಿಸದವರು ಮಾತ್ರ ಹಾಗೆ ದೂಷಿಸಬಲ್ಲರು. ಅದೇ ರಸ್ತೆಗಳು ಮರದ ಗುತ್ತಿಗೆದಾರರಿಗೂ ದಾರಿಯಾದುವು. ಅದುವರೆಗೆ ಕೊಡಲಿ ಮುಟ್ಟದಿದ್ದ ಓರೆಗಳು ಬೋಳಾಗತೊಡಗಿದುವು.

1970ರ ಜುಲೈ 20ರಂದು ಅಲಕನಂದೆಯ ಮೇಲ್ಕಣಿವೆಗಳಲ್ಲಿ ಮೇಘವೊಡೆಯಿತು. ಬೆಲಾಕೂಚಿ ಎಂಬ ರಸ್ತೆಬದಿಯ ಊರು, ಅಲ್ಲಿ ನಿಂತಿದ್ದ ಬಸ್ಸುಗಳ ಸಮೇತ, ಕೊಚ್ಚಿಹೋಯಿತು. ಸೇತುವೆಗಳು ಒಂದಾದ ಮೇಲೊಂದು ಹೋದುವು. ಬಿರಹಿಯ ಕೊರಕಲುಗಳಿಂದ ಬಂದ ಬಂಡೆ, ಮಣ್ಣು, ಮರದ ರಾಶಿಯು ಗೊಹ್ನಾ ಸರೋವರಕ್ಕೆ ನುಗ್ಗಿ, ಅದನ್ನು ತುಂಬಿ, ಅಳಿದುಳಿದ ಕಟ್ಟೆಯನ್ನೂ ಕಿತ್ತುಕೊಂಡು ಮುಂದೆ ಹೋಯಿತು. ಹರಿದ್ವಾರದಲ್ಲಿ ಗಂಗಾ ಕಾಲುವೆಯು ಮೈಲಿಗಟ್ಟಲೆ ಹೂಳಿನಿಂದ ಮುಚ್ಚಿತು; 1894ರಲ್ಲಿ ಅದನ್ನು ಕಾಪಾಡಲು ತಂತಿ ಎಳೆದವರ ಸ್ಮರಣೆಯೂ ಆ ವೇಳೆಗೆ ಹೂತುಹೋಗಿತ್ತು. ಮೊದಲಿನ ಪ್ರವಾಹವು ಬರಿಯ ನೀರಿನದಾದರೆ, ಇದು ನೀರಿಗಿಂತ ಹೆಚ್ಚಾಗಿ ಬೆಟ್ಟದ ಚರ್ಮದ್ದು.

ಪರಿಹಾರದ ಕೆಲಸಕ್ಕೆ ಇಳಿದವರಲ್ಲಿ ದಶೋಲಿ ಗ್ರಾಮ ಸ್ವರಾಜ್ಯ ಸಂಘದ ಚಂಡೀಪ್ರಸಾದ ಭಟ್ಟರೂ ಅವರ ಜೊತೆಗಾರರೂ ಇದ್ದರು. ಅಕ್ಕಿ ಹೊತ್ತು ಕಣಿವೆ ಕಣಿವೆ ಅಲೆದ ಅವರು ಕಂಡುಕೊಂಡದ್ದು, ಮರ ಕಡಿದ ಓರೆಗಳ ಕೆಳಗೇ ಹಾನಿಯು ಅತಿಶಯವಾಗಿದೆ ಎಂಬುದನ್ನು. ಎಲ್ಲ ಕುಸಿತಕ್ಕೂ ಕೊಡಲಿಯೇ ಕಾರಣವೆಂಬ ವಾದವನ್ನು ನಾನು ಒಪ್ಪಲಾರೆ. ಮೈಠಾಣಾ ಬೆಟ್ಟವು ಜರಿದದ್ದು ಅದರ ಪದರಗಳ ವಾಲುವಿಕೆಯಿಂದ, ಅಲ್ಲಿ ದಟ್ಟಡವಿಯಿದ್ದರೂ ಅದು ಜರಿಯುತ್ತಿತ್ತು. ಆದರೆ ಮೇಲ್ಮಣ್ಣನ್ನು ಹಿಡಿದು ನಿಲ್ಲಿಸುವ ಬೇರು ಹೋದ ಮೇಲೆ ಸಾಧಾರಣ ಮಳೆಯೂ ಹೂಳನ್ನು ಹೊತ್ತು ತರುತ್ತದೆಂಬುದರಲ್ಲಿ ಸಂಶಯವಿಲ್ಲ. ಈ ಅನುಭವದಿಂದಲೇ 1973ರಲ್ಲಿ, ನೇಗಿಲಿಗೆ ಬೇಕಾದ ಅಂಗೂ ಮರವನ್ನು ಹಳ್ಳಿಯವರಿಗೆ ನಿರಾಕರಿಸಿ ಆಟದ ಸಾಮಾನು ಮಾಡುವ ಕಂಪನಿಗೆ ಕೊಟ್ಟಾಗ, ಮಂಡಲ ಎಂಬಲ್ಲಿ, ಮರಗಳನ್ನು ಅಪ್ಪಿ ಉಳಿಸುವ ಚಿಪ್ಕೋ ಚಳವಳಿ ಮೊದಲಾಯಿತು. 1974ರ ಮಾರ್ಚ್ 26ರಂದು, ಗಂಡಸರಿಲ್ಲದ ವೇಳೆಯಲ್ಲಿ ಬಂದ ಗುತ್ತಿಗೆದಾರನ ಆಳುಗಳನ್ನು ರೈಣಿ ಗ್ರಾಮದ ಹೆಂಗಸರು ಗೌರಾದೇವಿಯ ಮುಂದಾಳುತನದಲ್ಲಿ ತಡೆದು ನಿಲ್ಲಿಸಿದರು. ಒಂಬತ್ತು ವರ್ಷಗಳ ತರುವಾಯ, 1983ರ ಸೆಪ್ಟೆಂಬರಿನಲ್ಲಿ, ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ತಮ್ಮ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತ ಅಪ್ಪಿಕೋ ಚಳವಳಿಯು ಈ ಅಲಕನಂದೆಯ ನೆರೆಯ ದೂರದ ಸಂತತಿ.

ಮುಂದಿನದು ಓದುಗರಿಗೆ ಹೆಚ್ಚುಕಡಮೆ ತಿಳಿದದ್ದೇ. 2013ರ ಜೂನ್ 16 ಮತ್ತು 17ರಂದು, ಮುಂಗಾರು ಎಂದಿಗಿಂತ ಬೇಗ ಬಂದು ಪಶ್ಚಿಮದ ಗಾಳಿಯೊಡನೆ ಕೂಡಿ, ಕೇದಾರದ ಮೇಲಣ ಚೋರಾಬಾರಿ ಸರೋವರವು ಒಡೆದು, ಒಟ್ಟಾರೆ ಸತ್ತವರೂ ಕಾಣೆಯಾದವರೂ ನಾಲ್ಕು ಸಾವಿರವನ್ನು ಮೀರಿದರು. ಅದೇ ನೆರೆಯಲ್ಲಿ ಶ್ರೀನಗರದ ಕೆಳಭಾಗವು, 1894ರ ಅಧಿಕಾರಿಗಳು ಬೇಡವೆಂದು ಬಿಟ್ಟುಹೋದ ನದೀತೀರದ ಆ ತಗ್ಗು, ಈಚೆಗೆ ಅಲ್ಲಿ ಎದ್ದಿದ್ದ ಸರ್ಕಾರಿ ಕಟ್ಟಡಗಳ ಸಹಿತ ಹೂಳಿನಲ್ಲಿ ಮುಚ್ಚಿಹೋಯಿತು.

2021ರ ಫೆಬ್ರುವರಿ 7ರಂದು ಆದದ್ದು ಮಳೆಯಿಂದಲ್ಲ. ರೌಂಠಿ ಶಿಖರದಿಂದ ಬಂಡೆಯೂ ಹಿಮವೂ ಕೂಡಿದ ರಾಶಿಯೊಂದು ಕಳಚಿ ಬಿದ್ದು ಋಷಿಗಂಗೆಯಲ್ಲಿ ಕೆಸರಿನ ಪ್ರವಾಹವು ಹೊರಟಿತು. ಅದು ಮೊದಲು ಹಾದುಹೋದದ್ದು ಗೌರಾದೇವಿಯ ರೈಣಿಯ ಪಕ್ಕದಲ್ಲಿ. ಅಲ್ಲಿಯ ವಿದ್ಯುತ್ ಯೋಜನೆಯು ನದಿಯನ್ನು ಕೆಡಿಸುತ್ತಿದೆಯೆಂದು ಆ ಗ್ರಾಮದವರು 2019ರಲ್ಲಿಯೇ ಹೈಕೋರ್ಟಿನ ಕದ ತಟ್ಟಿದ್ದರು. ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಎರಡು ವಿದ್ಯುತ್ ಯೋಜನೆಗಳಲ್ಲಿ ದುಡಿಯುತ್ತಿದ್ದ ಕೂಲಿಕಾರರು. ಗೊಹ್ನಾದಂತೆ ಒಂದು ವರ್ಷದ ಸಮಯ ಇಲ್ಲಿರಲಿಲ್ಲ, ನಿಜ. ಇದ್ದದ್ದು ಕೆಲವು ನಿಮಿಷ. ಆದರೆ ಕೂಲಿಕಾರರು ದುಡಿಯುತ್ತಿದ್ದ ಯೋಜನೆಯ ಸುರಂಗದ ಬಾಯಿಂದ ಹೊರಗೋಡಿ ಹತ್ತಿಪ್ಪತ್ತು ಮಾರು ಮೇಲೆ ಹತ್ತುವುದಕ್ಕೆ ಕೆಲವು ನಿಮಿಷವೇ ಸಾಕಾಗಿತ್ತು. ಮೇಲಣ ಕಣಿವೆಯಲ್ಲಿ ನೀರಿನ ಮಟ್ಟವನ್ನು ನೋಡಿ ಕೂಗುವ ಒಂದು ಯಂತ್ರವನ್ನಾಗಲಿ, ಒಬ್ಬ ಕಾವಲುಗಾರನನ್ನಾಗಲಿ ಆ ಯೋಜನೆಗಳು ಇಟ್ಟಿರಲಿಲ್ಲ. ರೈಣಿಯ ಬಳಿ ಎಚ್ಚರಿಕೆಯ ಯಂತ್ರವನ್ನು ನಿಲ್ಲಿಸಿದ್ದು ಅದೇ ತಿಂಗಳಿನಲ್ಲಿ, ಪ್ರವಾಹವು ಹಾದುಹೋದ ಮೇಲೆ.